ಪೋಸ್ಟ್ ಹಾಕುವ ಮುನ್ನ, ಹಾಕಿದ ಮೇಲೆ: ಸಾಮಾಜಿಕ ಜಾಲತಾಣವನ್ನು ಸಮಾಜದ ಕೆಲಸಕ್ಕೆ ಬಳಸುವುದು ಹೇಗೆ?

ಸಾರ್ವಜನಿಕ ಕಟ್ಟಡವೊಂದರ ಬಾಗಿಲಿಗೆ ನಾಲ್ಕು ಮೆಟ್ಟಿಲುಗಳಿವೆ, ರ‍್ಯಾಂಪ್ ಇಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವವರ ಪಾಲಿಗೆ ಆ ಕಟ್ಟಡ ಇದ್ದೂ ಇಲ್ಲದಂತೆ. ಇಂಥದ್ದನ್ನು ಕಂಡಾಗ ನಮ್ಮಲ್ಲಿ ಹೆಚ್ಚಿನವರು ಫೋನ್ ತೆಗೆದು ಒಂದು ಫೋಟೊ ಹಿಡಿಯುತ್ತೇವೆ, ಎರಡು ಸಾಲು ಸಿಟ್ಟಿನ ಮಾತು ಬರೆಯುತ್ತೇವೆ, ಜಾಲತಾಣಕ್ಕೆ ಏರಿಸುತ್ತೇವೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಫೋಟೊ ನೋಡಿದವರು ಏನು ಮಾಡಬೇಕು, ಯಾರನ್ನು ಕೇಳಬೇಕು, ಏನು ನಡೆದರೆ ಕೆಲಸ ಆಯಿತೆಂದು ತಿಳಿಯಬೇಕು ಎಂಬ ಮಾತು ಆ ಪೋಸ್ಟಿನಲ್ಲಿ ಇಲ್ಲದೇ ಹೋದರೆ ಎರಡು ದಿನಗಳಲ್ಲಿ ಅದು ಕೆಳಗೆ ಸರಿಯುತ್ತದೆ, ಮೆಟ್ಟಿಲುಗಳು ಇದ್ದ ಹಾಗೆಯೇ ಇರುತ್ತವೆ. ಪೋಸ್ಟಿಗೆ ಮೊದಲು ಮತ್ತು ಪೋಸ್ಟಿನ ನಂತರ ನಡೆಯಬೇಕಾದ ಕೆಲಸವನ್ನು ಇದೇ ರ‍್ಯಾಂಪಿನ ಉದಾಹರಣೆಯನ್ನು ಹಿಡಿದುಕೊಂಡು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಕುಡಿಯುವ ನೀರು, ಬೀದಿದೀಪ, ಶಾಲೆಯ ಶೌಚಾಲಯ, ಹೀಗೆ ನಿಮ್ಮ ವಿಷಯ ಯಾವುದಾದರೂ ದಾರಿ ಬಹುಮಟ್ಟಿಗೆ ಇದೇ.

ಬೇಡಿಕೆಯನ್ನು ಒಂದು ವಾಕ್ಯಕ್ಕೆ ಇಳಿಸಿ

'ಅಂಗವಿಕಲರ ಬಗ್ಗೆ ಜಾಗೃತಿ ಮೂಡಿಸುವುದು' ಎಂಬುದು ಒಳ್ಳೆಯ ಆಸೆ, ಆದರೆ ಅದನ್ನು ಯಾರೂ ಈಡೇರಿಸಲಾರರು, ಈಡೇರಿತೆಂದು ಅಳೆಯಲೂ ಆಗದು. 'ಈ ಕಟ್ಟಡದ ಮುಖ್ಯ ಬಾಗಿಲಿಗೆ ಮೂರು ತಿಂಗಳೊಳಗೆ ಅಳತೆಗೆ ಸರಿಯಾದ ರ‍್ಯಾಂಪ್ ಆಗಬೇಕು, ಅದನ್ನು ಮಂಜೂರು ಮಾಡುವ ಅಧಿಕಾರ ಇಂಥ ಹುದ್ದೆಯವರಿಗಿದೆ' ಎಂಬುದು ಬೇಡಿಕೆ. ಯಾರು, ಏನನ್ನು, ಯಾವಾಗಿನೊಳಗೆ ಎಂಬ ಮೂರೂ ಅದರಲ್ಲಿವೆ. ಈ ವಾಕ್ಯ ಸಿದ್ಧವಾಗುವ ತನಕ ಖಾತೆ ತೆರೆಯುವುದು, ಹ್ಯಾಷ್‌ಟ್ಯಾಗ್ ಹುಡುಕುವುದು, ಲಾಂಛನ ಬಿಡಿಸುವುದು ಯಾವುದೂ ಬೇಡ.

ಇದು ಎಷ್ಟು ಮುಖ್ಯವೆಂಬುದಕ್ಕೆ ಎರಡು ದೊಡ್ಡ ಅಭಿಯಾನಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. 2012ರಲ್ಲಿ ಉಗಾಂಡಾ ಮೂಲದ ಬಂಡುಕೋರ ನಾಯಕನೊಬ್ಬನನ್ನು ಸೆರೆಹಿಡಿಯಬೇಕೆಂದು ಕೋರುವ ಅರ್ಧ ಗಂಟೆಯ ವಿಡಿಯೊವೊಂದನ್ನು ಆರೇ ದಿನಗಳಲ್ಲಿ 10 ಕೋಟಿ ಬಾರಿ ನೋಡಲಾಯಿತು. ಅಂತರಜಾಲ ಅದುವರೆಗೆ ಕಂಡಿರದ ವೇಗವದು. ಆದರೆ ದೂರದ ದೇಶಗಳ ವೀಕ್ಷಕರಿಗೆ ಹಂಚುವುದು, ಪೋಸ್ಟರ್ ಅಂಟಿಸುವುದು ಇವುಗಳಾಚೆಗೆ ಹೆಚ್ಚೇನೂ ಮಾಡಲು ಇರಲಿಲ್ಲ. ಏಪ್ರಿಲ್ 20ರಂದು ಬೀದಿಗಿಳಿಯಿರೆಂದು ಕರೆ ಕೊಟ್ಟಾಗ ಬಂದವರು ಕೆಲವೇ ಮಂದಿ, ನಾಯಕನೂ ಸೆರೆ ಸಿಗಲಿಲ್ಲ. 2014ರ ಐಸ್ ಬಕೆಟ್ ಚಾಲೆಂಜ್ ಮೇಲ್ನೋಟಕ್ಕೆ ಬರೀ ಆಟ. ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವುದು, 24 ಗಂಟೆಯೊಳಗೆ ಹಾಗೆ ಮಾಡುವಂತೆ ಇಲ್ಲವೇ ಹಣ ಕೊಡುವಂತೆ ಪರಿಚಿತರನ್ನು ಹೆಸರಿಸಿ ಕರೆಯುವುದು, ಅಷ್ಟೇ. ಆದರೂ ಎಎಲ್‌ಎಸ್ ಎಂಬ ನರರೋಗದ ಕೆಲಸಕ್ಕಾಗಿ ಅಮೆರಿಕದ ಎಎಲ್‌ಎಸ್ ಅಸೋಸಿಯೇಷನ್ ಒಂದಕ್ಕೇ ಸುಮಾರು 11.5 ಕೋಟಿ ಡಾಲರ್ ಬಂತು. ಆ ಹಣದ ನೆರವು ಪಡೆದ ಸಂಶೋಧನೆಯಿಂದ ಈ ರೋಗಕ್ಕೆ ಸಂಬಂಧಿಸಿದ ಎನ್‌ಇಕೆ1 ಎಂಬ ಜೀನ್ ಗುರುತಿಸಲಾಯಿತೆಂದು 2016ರಲ್ಲಿ ಪ್ರಕಟವಾಯಿತು. ಅಲ್ಲಿ ನೋಡಿದವನಿಗೆ ಆ ಕ್ಷಣದಲ್ಲೇ ಮಾಡಲು ಒಂದು ಕೆಲಸವಿತ್ತು, ಗಡುವು ಇತ್ತು, ಕೊಟ್ಟ ಹಣಕ್ಕೆ ನಿರ್ದಿಷ್ಟ ಗುರಿಯಿತ್ತು.

ಯಾರ ಕಷ್ಟವೋ ಅವರನ್ನು ಮುಂದೆ ಕೂರಿಸಿ

ಅಂಗವಿಕಲರ ಹಕ್ಕಿನ ಚಳವಳಿ ದಶಕಗಳಿಂದ ಹೇಳುತ್ತ ಬಂದಿರುವ ಮಾತೊಂದಿದೆ: ನಮ್ಮನ್ನು ಬಿಟ್ಟು ನಮ್ಮ ವಿಷಯದಲ್ಲಿ ಯಾವ ತೀರ್ಮಾನವೂ ಬೇಡ. ಎಲ್ಲ ಅಭಿಯಾನಗಳಿಗೂ ಇದನ್ನೇ ನಿಯಮವಾಗಿ ಇಟ್ಟುಕೊಳ್ಳಬಹುದು. ನಿಮ್ಮ ತಂಡದಲ್ಲಿ ಗಾಲಿಕುರ್ಚಿ ಬಳಸುವವರು ಇಬ್ಬರಾದರೂ ಇರಲಿ, ಬೇಡಿಕೆಯ ವಾಕ್ಯವನ್ನು ಅವರೇ ತಿದ್ದಲಿ. ರ‍್ಯಾಂಪ್ ಆದರೂ ಒಳಗಿನ ಬಾಗಿಲು ಕಿರಿದಾದರೆ ಪ್ರಯೋಜನವಿಲ್ಲ, ಹೊರಗಡೆ ಜಲ್ಲಿ ಹಾಸಿದ್ದರೆ ಗಾಲಿ ಹೂತುಕೊಳ್ಳುತ್ತದೆ ಎಂಬಂಥ ಸಂಗತಿಗಳು ನಿತ್ಯ ಅನುಭವಿಸುವವರಿಗೆ ಹೊಳೆಯುವಂತೆ ಬೇರೆಯವರಿಗೆ ಹೊಳೆಯವು. ಖಾತೆಯ ಪಾಸ್‌ವರ್ಡ್ ಕೂಡ ಅವರ ಕೈಯಲ್ಲಿರಬೇಕು. ಉತ್ಸಾಹಿ ಗೆಳೆಯನೊಬ್ಬನ ಬಳಿ ಮಾತ್ರ ಪಾಸ್‌ವರ್ಡ್ ಇದ್ದು, ಅವನು ಊರು ಬಿಟ್ಟಾಗ ಖಾತೆಯೇ ಮೂಕವಾಗುವುದು ತೀರ ಸಾಮಾನ್ಯ. ಕನಿಷ್ಠ ಇಬ್ಬರು ನಿರ್ವಾಹಕರಿರಲಿ, ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತಿನ ಸಂಕೇತವನ್ನೂ ಕೇಳುವ ವ್ಯವಸ್ಥೆ) ಮೊದಲ ದಿನವೇ ಚಾಲೂ ಆಗಲಿ.

ಸಾಕ್ಷ್ಯವನ್ನು ಅಳತೆ ಸಮೇತ ಕೂಡಿಸಿ

ಹೆಚ್ಚಿನ ಅಭಿಯಾನಗಳು ಸೋಲುವುದು ಇಲ್ಲೇ ಎಂಬುದು ನನ್ನ ಅನಿಸಿಕೆ. ಆದ್ದರಿಂದ ಈ ಹಂತಕ್ಕೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. 'ರ‍್ಯಾಂಪ್ ಸರಿಯಿಲ್ಲ' ಎಂದರೆ ಅದು ಅಭಿಪ್ರಾಯ, ಅಧಿಕಾರಿ 'ಸರಿಯಿದೆ' ಎಂದು ತಳ್ಳಿಹಾಕಬಹುದು. ಅಳತೆ ಕೊಟ್ಟರೆ ಅವರು ಅಳತೆಯಲ್ಲೇ ಉತ್ತರಿಸಬೇಕಾಗುತ್ತದೆ. ಅನೇಕ ದೇಶಗಳ ಮಾನದಂಡಗಳಲ್ಲಿ ರ‍್ಯಾಂಪಿನ ಇಳಿಜಾರಿಗೆ 1:12ರ ಮಿತಿಯಿದೆ. ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ ಎಂದರ್ಥ. 15 ಸೆಂಟಿಮೀಟರಿನ ನಾಲ್ಕು ಮೆಟ್ಟಿಲುಗಳಿದ್ದರೆ ಒಟ್ಟು ಎತ್ತರ 60 ಸೆಂಟಿಮೀಟರ್, ಅದಕ್ಕೆ ಬೇಕಾದ ರ‍್ಯಾಂಪಿನ ಉದ್ದ 7.2 ಮೀಟರ್. ಅಲ್ಲಿ 2 ಮೀಟರಿನ ಚಪ್ಪಡಿ ಹಾಕಿ ರ‍್ಯಾಂಪ್ ಎಂದು ಕರೆದಿದ್ದರೆ ಅದರ ಇಳಿಜಾರು 16 ಡಿಗ್ರಿಗೂ ಹೆಚ್ಚು. 1:12 ಎಂದರೆ 5 ಡಿಗ್ರಿಯ ಒಳಗೆ. ಅಳತೆಪಟ್ಟಿಯನ್ನು ಮೆಟ್ಟಿಲಿನ ಪಕ್ಕದಲ್ಲಿ ನಿಲ್ಲಿಸಿ, ಅಂಕಿಗಳನ್ನು ಓದಲು ಆಗುವ ಹಾಗೆ ಫೋಟೊ ತೆಗೆಯಿರಿ. ಬಹಳಷ್ಟು ಫೋನುಗಳಲ್ಲಿ ಇಳಿಜಾರು ಅಳೆಯುವ ಆ್ಯಪ್ ಇರುತ್ತದೆ ಅಥವಾ ಉಚಿತವಾಗಿ ಸಿಗುತ್ತದೆ. ಫೋನನ್ನು ಚಪ್ಪಡಿಯ ಮೇಲಿಟ್ಟು, ಡಿಗ್ರಿ ಕಾಣುವ ಆ ಪರದೆಯನ್ನು ಇನ್ನೊಂದು ಫೋನಿನಿಂದ ಚಿತ್ರಿಸಿಕೊಳ್ಳಿ. ಮೂಲ ಕಡತಗಳನ್ನು ಕತ್ತರಿಸದೆ, ಬಣ್ಣ ತಿದ್ದದೆ ಬೇರೆ ಕಡೆ ಜೋಪಾನ ಮಾಡಿ. ಯಾರಾದರೂ ಚಿತ್ರ ನಕಲಿ ಎಂದರೆ ನಿಮ್ಮ ಪರ ನಿಲ್ಲುವುದು ಅವೇ.

ಒಂದು ಕಟ್ಟಡದ ದೂರು ಒಂಟಿ ದೂರು. ಅದೇ ಪಟ್ಟಣದ ಇಪ್ಪತ್ತು ಕಟ್ಟಡಗಳ ನಕ್ಷೆ ಸಿದ್ಧವಾದರೆ ಅದು ಆಡಳಿತದ ಮುಂದಿಡಬಹುದಾದ ದಾಖಲೆ. ಇದಕ್ಕೆ ಹೊಸ ಆ್ಯಪ್ ಕಟ್ಟುವ ಅಗತ್ಯವಿಲ್ಲ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ರಾಜಧಾನಿಯ ರಸ್ತೆಗಳನ್ನು ಇದರಲ್ಲಿ ಬಿಡಿಸಿಕೊಟ್ಟರು, ಪರಿಹಾರ ತಂಡಗಳು ಅದನ್ನು ಬಳಸಿದವು. ಇದೇ ನಕ್ಷೆಯ ಆಧಾರದ ಮೇಲೆ ಬರ್ಲಿನ್ನಿನ ಸಂಸ್ಥೆಯೊಂದು 2010ರಲ್ಲಿ ವೀಲ್‌ಮ್ಯಾಪ್ ಆರಂಭಿಸಿತು. ಗಾಲಿಕುರ್ಚಿ ಪೂರ್ಣವಾಗಿ ಹೋಗಬಲ್ಲ, ಅರ್ಧಂಬರ್ಧ ಹೋಗಬಲ್ಲ, ಹೋಗಲಾರದ ಸ್ಥಳಗಳನ್ನು ಅದರಲ್ಲಿ ಸಂಚಾರ ದೀಪದ ಬಣ್ಣಗಳ ಮಾದರಿಯಲ್ಲಿ ಯಾರು ಬೇಕಾದರೂ ಗುರುತಿಸಬಹುದು. ಗುರುತಿಸುವವರು ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಿರಬೇಕು. ಒಬ್ಬರ ಗುರುತನ್ನು ಇನ್ನೊಬ್ಬರು ಹೋಗಿ ಪರಿಶೀಲಿಸುವ ಪದ್ಧತಿಯನ್ನು ತಂಡದಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಇಪ್ಪತ್ತರಲ್ಲಿ ಒಂದು ಗುರುತು ತಪ್ಪಾದರೂ ಉಳಿದ ಹತ್ತೊಂಬತ್ತನ್ನು ಅನುಮಾನಿಸಲು ಎದುರಿನವರಿಗೆ ಅಷ್ಟು ಸಾಕು.

ಒಪ್ಪಿಗೆ ಮತ್ತು ಸುರಕ್ಷತೆ

ಚಿತ್ರದಲ್ಲಿ ಬರುವ ಪ್ರತಿಯೊಬ್ಬರಿಗೂ ಅದು ಎಲ್ಲಿ ಪ್ರಕಟವಾಗುತ್ತದೆ, ಯಾರು ನೋಡಬಹುದು, ಅದರಿಂದ ಯಾವ ತೊಂದರೆ ಬರಬಹುದು ಎಂದು ಅವರ ಭಾಷೆಯಲ್ಲೇ ಹೇಳಿ ಒಪ್ಪಿಗೆ ಪಡೆಯಬೇಕು, ಆಮೇಲೆ ಮನಸ್ಸು ಬದಲಾದರೆ ತೆಗೆಯುತ್ತೇವೆಂದು ಮೊದಲೇ ತಿಳಿಸಬೇಕು. ಒಮ್ಮೆ ಹಂಚಿಕೆಯಾದದ್ದು ಎಲ್ಲ ಕಡೆಯಿಂದಲೂ ಅಳಿಸಿಹೋಗದು ಎಂಬ ಸತ್ಯವನ್ನೂ ಮುಚ್ಚಿಡಬಾರದು. ಮಕ್ಕಳಾದರೆ ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನ ಇಷ್ಟವನ್ನೂ ಕೇಳಬೇಕು. ದೌರ್ಜನ್ಯ, ಲಂಚ, ಕಿರುಕುಳದಂಥ ವಿಷಯವಿದ್ದಾಗ ಮುಖ ತೋರಿಸದಿರುವುದೇ ಲೇಸು. ಮುಖ ಮಸುಕು ಮಾಡಿದರೂ ವ್ಯಕ್ತಿಯನ್ನು ಮೈಕಟ್ಟು, ದನಿ, ಹಿಂದಿನ ಗೋಡೆಯಿಂದಲೂ ಗುರುತಿಸಬಹುದಾದ್ದರಿಂದ ಮುಖಕ್ಕೆ ಪೂರ್ತಿ ಕಪ್ಪು ಪಟ್ಟಿ ಹಾಕಿ, ದನಿ ಬದಲಿಸಿ, ಹಿನ್ನೆಲೆಯನ್ನೂ ನೋಡಿಕೊಳ್ಳಿ. ಫೋಟೊ ಕಡತದೊಳಗೆ ತೆಗೆದ ಸ್ಥಳ ಮತ್ತು ಸಮಯ ಅಡಗಿರಬಹುದು. ಸಾಕ್ಷ್ಯವಾಗಿ ಇಟ್ಟುಕೊಳ್ಳುವ ಪ್ರತಿಯಲ್ಲಿ ಅದು ಇರಲಿ, ಹೊರಗೆ ಹಂಚುವ ಪ್ರತಿಯಿಂದ ತೆಗೆದುಹಾಕಿ.

ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡುವ ಸಾಧನಗಳು ಈಗ ಎಲ್ಲರ ಕೈಯಲ್ಲಿವೆ. ಮುಂದೆ ಆಗಬೇಕಾದ ರ‍್ಯಾಂಪ್ ಹೇಗಿರಬೇಕೆಂದು ತೋರಿಸಲು ಅವುಗಳನ್ನು ಬಳಸಿ, ಕಲ್ಪಿತ ಚಿತ್ರವೆಂದು ಅದರ ಮೇಲೆಯೇ ಬರೆಯಿರಿ. ಇಲ್ಲದ ನೋವನ್ನು ಹುಟ್ಟಿಸಿ ಸಾಕ್ಷ್ಯವೆಂದು ಕೊಡುವುದು ಮಾತ್ರ ಖಂಡಿತ ಕೂಡದು.

ವಿಡಿಯೊ ಮಾಡುವ ಬಗೆ

ಅರವತ್ತರಿಂದ ತೊಂಬತ್ತು ಸೆಕೆಂಡು ಸಾಕು. ಮೊದಲ ಶಾಟ್‌ನಲ್ಲಿ ಅಡ್ಡಿಯೇ ಕಾಣಲಿ: ಗಾಲಿಕುರ್ಚಿಯ ಮುಂದಿನ ಚಿಕ್ಕ ಗಾಲಿ ಮೆಟ್ಟಿಲಿಗೆ ಬಂದು ತಾಗಿ ನಿಲ್ಲುವುದು. ಕ್ಯಾಮೆರಾವನ್ನು ಕುಳಿತವರ ಕಣ್ಣಿನ ಎತ್ತರಕ್ಕೆ ಇಳಿಸಿ. ನಿಂತುಕೊಂಡು ಮೇಲಿನಿಂದ ಚಿತ್ರಿಸಿದರೆ ವ್ಯಕ್ತಿ ಚಿಕ್ಕದಾಗಿ, ಅಸಹಾಯಕನಾಗಿ ಕಾಣುತ್ತಾನೆ. ಅವರ ಎತ್ತರದಿಂದ ಚಿತ್ರಿಸಿದರೆ ನಾಲ್ಕು ಮೆಟ್ಟಿಲುಗಳು ಎಷ್ಟು ದೊಡ್ಡ ಗೋಡೆಯೆಂದು ನೋಡುವವನಿಗೆ ತಾನಾಗಿ ತಿಳಿಯುತ್ತದೆ. ನಂತರ ಅವರೇ ಎರಡು ವಾಕ್ಯಗಳಲ್ಲಿ ತಾವು ಅಲ್ಲಿಗೆ ಬಂದ ಕೆಲಸ ಏನು, ಅದು ಆಗದೇ ಉಳಿದದ್ದು ಹೇಗೆ ಎಂದು ಹೇಳಲಿ. ಅಳತೆಯ ಚಿತ್ರ, ಆಮೇಲೆ ಬೇಡಿಕೆಯ ವಾಕ್ಯ, ಕೊನೆಗೆ ನೋಡುಗ ಮಾಡಬೇಕಾದ ಕೆಲಸ. ದನಿಗೆ ಇನ್ನೊಂದು ಫೋನನ್ನು ಮಾತಾಡುವವರ ಹತ್ತಿರವಿಟ್ಟು ಧ್ವನಿಮುದ್ರಿಸಿದರೆ ಬೀದಿಯ ಗದ್ದಲ ಕಡಿಮೆಯಾಗುತ್ತದೆ. ಅಳುವ ಸಂಗೀತ ಸೇರಿಸಬೇಡಿ. ಅದು ಮರುಕ ಹುಟ್ಟಿಸುತ್ತದೆ, ಕೇಳುತ್ತಿರುವುದು ಹಕ್ಕು.

ಅಡಿಬರಹ ಕಡ್ಡಾಯ. ಕಿವಿ ಕೇಳದವರಿಗೂ ಬೇಕು, ದನಿ ಮುಚ್ಚಿ ನೋಡುವವರಿಗೂ ಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಬೇಕೆಂದು ಜಾಲತಾಣಗಳ ಸುಲಭ ಬಳಕೆಗಾಗಿ ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಹಾಕಿದರೆ ಈ ಲೆಕ್ಕ ಮಾಡುವ ಗೋಜೇ ಇಲ್ಲ. ಪೋಸ್ಟರಿನೊಳಗೆ ಬರೆದ ಮಾತನ್ನು ಪರದೆಯ ಬರಹವನ್ನು ಅಂಧರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಹಲವು ಸಲ ಓದಲಾರದು, ಆದ್ದರಿಂದ ಅದೇ ಮಾತನ್ನು ಪೋಸ್ಟಿನ ಪಠ್ಯದಲ್ಲೂ ಬರೆದು, ಚಿತ್ರಕ್ಕೆ ವಿವರಣೆ ಸೇರಿಸಿ. ಕನ್ನಡ ಹ್ಯಾಷ್‌ಟ್ಯಾಗಿನ ಪದಗಳ ನಡುವೆ ಅಡಿಗೆರೆ ಹಾಕಿದರೆ ಓದಲು ಸುಲಭ.

ಹಂಚುವುದು, ಕೇಳಿಸಿಕೊಳ್ಳುವುದು

ಒಂದು ಸಂದೇಶವನ್ನು ಎಲ್ಲ ಗುಂಪುಗಳಿಗೂ ಒಂದೇ ಸಮನೆ ತಳ್ಳುವ ಕಾಲ ಹೋಯಿತು. ಸುಳ್ಳುಸುದ್ದಿ ತಡೆಯಲೆಂದು ವಾಟ್ಸ್ಆ್ಯಪ್ 2019ರಲ್ಲಿ ಜಗತ್ತಿನಾದ್ಯಂತ ಫಾರ್ವರ್ಡ್ ಮಿತಿಯನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಇಳಿಸಿತು. ಹಲವು ಕೈ ದಾಟಿ ಬಂದ ಸಂದೇಶವನ್ನು 2020ರಿಂದ ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಇದು ನಿಮಗೆ ಒಳ್ಳೆಯದೇ. ಹತ್ತು ಜನ ತಮ್ಮ ಪರಿಚಿತರಿಗೆ ತಮ್ಮದೇ ಮಾತಿನಲ್ಲಿ ಬರೆದು ಕಳಿಸಿದ್ದು ನೂರು ಫಾರ್ವರ್ಡ್‌ಗಿಂತ ಹೆಚ್ಚು ಓದಿಸಿಕೊಳ್ಳುತ್ತದೆ.

ಸ್ಮಾರ್ಟ್‌ಫೋನ್ ಇಲ್ಲದವರನ್ನು ಮರೆಯಬೇಡಿ. ಮಧ್ಯ ಭಾರತದ ಆದಿವಾಸಿ ಪ್ರದೇಶಗಳಲ್ಲಿ 2010ರಲ್ಲಿ ಆರಂಭವಾದ ಸಿಜಿನೆಟ್ ಸ್ವರ ಈ ವಿಷಯದಲ್ಲಿ ದೊಡ್ಡ ಪಾಠ. ಸಾಧಾರಣ ಫೋನಿನಿಂದ ಕರೆ ಮಾಡಿ ತಮ್ಮ ಊರಿನ ಸಮಸ್ಯೆಯನ್ನು ದನಿಯಲ್ಲಿ ದಾಖಲಿಸಬಹುದು, ಪರಿಶೀಲನೆಯಾದ ಮೇಲೆ ಬೇರೆಯವರು ಅದನ್ನು ಫೋನಿನಲ್ಲೇ ಕೇಳಬಹುದು. ದೂರು ದಾಖಲಿಸುವವರು ಸಂಬಂಧಪಟ್ಟ ಅಧಿಕಾರಿಯ ಫೋನ್ ಸಂಖ್ಯೆಯನ್ನೂ ಹೇಳಿ, ಕೇಳುಗರು ಅವರಿಗೆ ಕರೆ ಮಾಡಲಿ ಎಂದು ಕೋರುತ್ತಾರೆ. ಓದುಬರಹ ಬಾರದವರೂ ಹೀಗೆ ತಮ್ಮ ಸುದ್ದಿಗೆ ತಾವೇ ವರದಿಗಾರರಾದರು. 2008ರಲ್ಲಿ ಚುನಾವಣೋತ್ತರ ಹಿಂಸಾಚಾರದ ವೇಳೆ ಕೀನ್ಯಾದಲ್ಲಿ ಹುಟ್ಟಿದ ಉಷಾಹಿದಿ ಎಂಬ ವೇದಿಕೆ ಕೂಡ ಜನ ಕಳಿಸಿದ ಮಾಹಿತಿಯನ್ನು ನಕ್ಷೆಯ ಮೇಲೆ ಜೋಡಿಸಿತು. ಅಲ್ಲಿ ಸಾಮಾನ್ಯ ಎಸ್ಸೆಮ್ಮೆಸ್ಸಿಗೂ ಜಾಗವಿತ್ತು.

ಪೋಸ್ಟಿನ ಕೆಳಗೆ ಬೈಗುಳ ಬರುತ್ತದೆ, ನಿಜವಾದ ಪ್ರಶ್ನೆಗಳೂ ಬರುತ್ತವೆ. ಪ್ರಶ್ನೆಗೆ ಅಂಕಿಯ ಸಮೇತ ಉತ್ತರಿಸಿ, ಬೆದರಿಕೆಯ ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡಿ, ಬರೀ ಬೈಗುಳಕ್ಕೆ ಉತ್ತರ ಬೇಡ. ಯಾವ ಸಿಬ್ಬಂದಿಯ ಮುಖವನ್ನೂ ವೈಯಕ್ತಿಕ ನಂಬರನ್ನೂ ಹಾಕಿ ಜನರನ್ನು ಎತ್ತಿಕಟ್ಟಬೇಡಿ. ಬೇಡಿಕೆ ಹುದ್ದೆಗೆ ಸಲ್ಲಬೇಕು, ಮನೆತನಕ ಹೋಗಬಾರದು.

ಲೈಕ್ ಬಿಟ್ಟು ಬಾಗಿಲು ಎಣಿಸಿ

ಅಭಿಯಾನ ಆರಂಭವಾದ ದಿನವೇ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ, ಅದರ ದಿನಾಂಕವನ್ನು ಪೋಸ್ಟಿನಲ್ಲಿ ಹಾಕಿ. ವಾರಕ್ಕೊಮ್ಮೆ ಒಂದೇ ಪಟ್ಟಿಯನ್ನು ಪ್ರಕಟಿಸಿ: ಎಷ್ಟು ಕಟ್ಟಡ ನೋಡಿದ್ದೇವೆ, ಎಷ್ಟಕ್ಕೆ ಮನವಿ ಹೋಗಿದೆ, ಎಷ್ಟಕ್ಕೆ ಉತ್ತರ ಬಂದಿದೆ, ಎಷ್ಟು ಬಾಗಿಲು ತೆರೆದಿವೆ. ಕೊನೆಯ ಅಂಕಿ ಬಹಳ ದಿನ ಸೊನ್ನೆಯಾಗಿಯೇ ಇರಬಹುದು, ಹಾಗೆಯೇ ಬರೆಯಿರಿ. ಕೆಲಸ ಮಾಡಿಕೊಟ್ಟ ಕಚೇರಿಗೆ ದೂರು ಕೊಟ್ಟಷ್ಟೇ ಗಟ್ಟಿಯಾಗಿ ಧನ್ಯವಾದ ಹೇಳಿ, ಮುಂದಿನ ಕಚೇರಿಗೆ ಅದು ಮಾದರಿಯಾಗುತ್ತದೆ. ರ‍್ಯಾಂಪ್ ಕಟ್ಟಿದರೆಂದು ಸುದ್ದಿ ಬಂದಾಗ ಸಂಭ್ರಮಿಸುವ ಮೊದಲು ಅಳತೆಪಟ್ಟಿ ಹಿಡಿದು ಮತ್ತೆ ಹೋಗಿ, ಗಾಲಿಕುರ್ಚಿಯವರೇ ಹತ್ತಿ ಇಳಿದು ಸರಿಯೆಂದ ಬಳಿಕ ನಕ್ಷೆಯಲ್ಲಿ ಬಣ್ಣ ಬದಲಿಸಿ. ಆರು ತಿಂಗಳ ನಂತರ ಇನ್ನೊಮ್ಮೆ ನೋಡಿಬರಲು ತಂಡದಲ್ಲಿ ಒಬ್ಬರಿಗೆ ಈಗಲೇ ಜವಾಬ್ದಾರಿ ಕೊಡಿ. ಕಟ್ಟಿದ ರ‍್ಯಾಂಪಿಗೆ ಅಡ್ಡಲಾಗಿ ವಾಹನ ನಿಲ್ಲಿಸುವುದು, ಹೂಕುಂಡ ಇಡುವುದು ಎಲ್ಲೆಡೆ ನಡೆಯುತ್ತದೆ, ಅದನ್ನು ತೆರವು ಮಾಡಿಸಲು ಮತ್ತೊಂದು ಫೋಟೊ, ಮತ್ತೊಂದು ಮನವಿ ಬೇಕಾಗುತ್ತದೆ.