ಟಾರ್ಚ್ ಹಿಡಿದು ರೇಡಾರ್ ಆಟ: ಮಕ್ಕಳಿಗೆ ಕಣದಲ್ಲೇ ಕಲಿಸೋದು ಹೇಗೆ

ರೇಡಿಯೋ ಅಲೆ ಬಿಟ್ಟು ವಿಮಾನ ಪತ್ತೆ ಮಾಡೋ ರೇಡಾರ್ ಅಂದರೆ ಕತ್ತಲಲ್ಲಿ ಹಚ್ಚಿದ ಟಾರ್ಚ್ ಇದ್ದ ಹಾಗೆ. ಬೆಳಕು ಬಿದ್ದವನು ನಿಮಗೆ ಕಾಣುತ್ತಾನೆ, ಸರಿ. ಆದರೆ ಟಾರ್ಚ್ ಹಿಡಿದ ನೀವು ಅದಕ್ಕಿಂತ ದೂರದಿಂದಲೇ ಅವನಿಗೆ ಕಾಣುತ್ತೀರಿ. ಶತ್ರುವಿನ ವಾಯುರಕ್ಷಣೆಯನ್ನು ಅಡಗಿಸೋ ಕೆಲಸಕ್ಕೆ ಮಿಲಿಟರಿಯವರು ಸೀಡ್ ಅನ್ನುತ್ತಾರೆ, ಅದರ ಮುಕ್ಕಾಲು ಗುಟ್ಟು ಇಷ್ಟೇ. ಅಕ್ಕನ ಮಕ್ಕಳಿಗೆ ಮೊಬೈಲಲ್ಲಿ ವಿಡಿಯೋ ತೋರಿಸಿ ಹೇಳಿದೆ, ತಲೆಗೆ ಹೋಗಲಿಲ್ಲ. ಬೇಸಿಗೆ ರಜೆಗೆ ಮದ್ದೂರು ಕಡೆಯ ನಮ್ಮೂರಿಗೆ ಬಂದಾಗ ಕಣದಲ್ಲಿ ಆಡಿಸಿದೆ, ಒಂದೇ ರಾತ್ರಿಗೆ ಅರ್ಥವಾಯಿತು.

ಎಂಟು ಜನ ಬೇಕು. ಅಮಾವಾಸ್ಯೆ ಆಸುಪಾಸು ಆದರೆ ಒಳ್ಳೆಯದು. ಇಬ್ಬರು ಬಕೆಟ್ ಬೋರಲು ಹಾಕಿಕೊಂಡು ಟಾರ್ಚ್ ಹಿಡಿದು ಕೂರಲಿ, ಅವರೇ ಕ್ಷಿಪಣಿ ನೆಲೆ. ನಾಲ್ಕು ಜನ ವಿಮಾನ, ಕಣದ ಈ ತುದಿಯಿಂದ ಆ ತುದಿಗೆ ದಾಟಬೇಕು, ಓಡುವ ಹಾಗಿಲ್ಲ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಗದ್ದೆಗೆ ನೀರು ಹಾಯಿಸೋಕೆ ಹಿಡಿದುಕೊಂಡು ಹೋಗುವ ದೊಡ್ಡ ಟಾರ್ಚ್ ಇರುತ್ತದಲ್ಲ, ಅದನ್ನು ಹಾಗೇ ಕೊಡಬೇಡಿ, ಕಣ್ಣು ಕುಕ್ಕುತ್ತದೆ. ಮುಂದೆ ಹಳೇ ಪಂಚೆ ತುಂಡು ಕಟ್ಟಿ.

ಒಬ್ಬನ ಮೇಲೆ ಬೆಳಕು ಬಿಟ್ಟು, ಕದಲಿಸದೆ ಮೂರು ಎಣಿಸಿದರೆ ಅವನು ಔಟ್. ಈ ಎಣಿಕೆ ಸುಮ್ನೆ ಇಟ್ಟಿದ್ದಲ್ಲ. ವಿಯೆಟ್ನಾಂನಲ್ಲಿದ್ದ ಸೋವಿಯತ್ ಎಸ್‌ಎ-2 ಕ್ಷಿಪಣಿ ಹಾರಿಸಿದ ಮೇಲೂ ಗುರಿ ಮುಟ್ಟೋವರೆಗೆ ನೆಲದ ರೇಡಾರೇ ದಾರಿ ತೋರಿಸಬೇಕಿತ್ತು. ನಡುವೆ ಆರಿಸಿದರೆ ಕ್ಷಿಪಣಿ ದಂಡ. 1965ರ ಜುಲೈ 24ರಂದು ಅಮೆರಿಕದ ಒಂದು ಎಫ್-4 ಯುದ್ಧವಿಮಾನ ಈ ಎಸ್‌ಎ-2ಗೆ ಬಲಿಯಾಯಿತು, ಆಮೇಲೇ ಅವರು ಇಂಥ ಕ್ಷಿಪಣಿ ನೆಲೆಗಳನ್ನು ಹುಡುಕಿ ಹೊಡೆಯೋಕೆ ವೈಲ್ಡ್ ವೀಸಲ್ ಅನ್ನೋ ಪಡೆ ಕಟ್ಟಿದ್ದು. ನಮ್ಮ ಹುಡುಗರು ಅದಕ್ಕೆ ಮುಂಗುಸಿ ಅಂತ ಹೆಸರಿಟ್ಟರು. ಹಾವನ್ನು ಕೆಣಕಿ ಹೆಡೆ ಎತ್ತಿಸಿ, ಆಮೇಲೆ ಹಿಡಿಯೋದು ಅದೇ ಅಲ್ವಾ.

ಉಳಿದ ಇಬ್ಬರು ಸೇರಿ ಒಂದು ಮುಂಗುಸಿ. ಮುಂದಿನವನ ಕೈಯಲ್ಲಿ ಕಾಲುಚೀಲ ಸುತ್ತಿ ಮಾಡಿದ ಎರಡು ಚೆಂಡು. ಹಿಂದಿನವನು ಅವನ ಹೆಗಲು ಹಿಡಿದು ಬೆಳಕು ನೋಡುತ್ತಾ 'ಎಡಕ್ಕೆ, ಇನ್ನೂ ಎಡಕ್ಕೆ' ಅಂತ ಪಿಸುಗುಟ್ಟಬೇಕು. ಮೊದಲ ವೀಸಲ್ ವಿಮಾನ ಎಫ್-100ಎಫ್‌ನಲ್ಲೂ ಹೀಗೇ ಇಬ್ಬರು. ಹಿಂದೆ ಕೂತವನ ಕೆಲಸವೇ ರೇಡಾರ್ ಅಲೆ ಯಾವ ಕಡೆಯಿಂದ ಬರುತ್ತಿದೆ ಅಂತ ಹೇಳೋದು. 1965ರ ಡಿಸೆಂಬರ್ 22ರಂದು ಅವರು ಮೊದಲ ಕ್ಷಿಪಣಿ ನೆಲೆಯನ್ನು ಹೊಡೆದರು.

ಮೊದಲ ಸುತ್ತಿನಲ್ಲಿ ಚೆಂಡು ಶ್ರೈಕ್, ಅಂದರೆ ರೇಡಾರ್ ಅಲೆಯ ಜಾಡು ಹಿಡಿದು ಹೋಗಿ ಹೊಡೆಯೋ ಅಮೆರಿಕದ ಕ್ಷಿಪಣಿ. ಉರಿಯುವ ಟಾರ್ಚ್ ಹಿಡಿದವನಿಗೆ ತಗುಲಿದರೆ ಅವನು ಔಟ್, ಚೆಂಡು ಗಾಳಿಯಲ್ಲಿರುವಾಗಲೇ ಆರಿಸಿಬಿಟ್ಟರೆ ಲೆಕ್ಕಕ್ಕಿಲ್ಲ. ನಿಜವಾದ ಶ್ರೈಕ್‌ನ ಕಷ್ಟವೂ ಇದೇ, ರೇಡಾರ್ ಬಂದ್ ಆದರೆ ಅದಕ್ಕೆ ದಾರಿ ತಪ್ಪುತ್ತಿತ್ತು. ಎರಡನೇ ಸುತ್ತಿಗೆ ಬಕೆಟ್ ಸುತ್ತ ಸುಣ್ಣದಲ್ಲಿ ಒಂದು ಗೆರೆ ಹಾಕಿ. ಈಗ ಟಾರ್ಚ್ ಆರಿಸಿದ್ದರೂ ಚೆಂಡು ಗೆರೆಯೊಳಗೆ ಬಿದ್ದರೆ ಔಟ್. ಇದು ಶ್ರೈಕ್ ಆದ ಮೇಲೆ ಬಂದ ಹಾರ್ಮ್ ಕ್ಷಿಪಣಿ, ಕೊನೆಗೆ ಅಲೆ ಬಂದ ಜಾಗವನ್ನು ನೆನಪಿಟ್ಟುಕೊಳ್ಳುವಂಥದ್ದು. ನಮ್ಮ ಡಿಆರ್‌ಡಿಒದ ರುದ್ರಂ-1 ಕೂಡ ರೇಡಾರ್ ಹುಡುಕಿ ಹೊಡೆಯೋ ಜಾತಿಯೇ, 2020ರ ಅಕ್ಟೋಬರ್ 9ರಂದು ಸುಖೋಯ್-30ರಿಂದ ಹಾರಿಸಿ ನೋಡಿದರು.

ಇಲ್ಲಿ ಜಗಳ ಬರುತ್ತದೆ, ತಯಾರಾಗಿರಿ. ನಮ್ಮ ಮುಂಗುಸಿ ಎರಡು ಚೆಂಡೂ ಎಸೆದ, ಒಂದೂ ತಗುಲಲಿಲ್ಲ, ಒಂದು ಹೋಗಿ ಹಸುವಿನ ಬಾನಿಗೆ ಬಿತ್ತು. ಸೋತೆವು ಅಂತ ಮುಖ ಊದಿಸಿಕೊಂಡ. ಆದರೆ ಹೆದರಿದ ಟಾರ್ಚಿನವರು ಆ ಹೊತ್ತು ಬೆಳಕು ಬಿಡಲೇ ಇಲ್ಲ, ನಾಲ್ಕೂ ವಿಮಾನ ಆ ಕಡೆ ದಾಟಿ ಹುಣಸೆಮರದ ಕೆಳಗೆ ನಿಂತಿದ್ದವು. ಗೆದ್ದಿದ್ದು ಅವನೇ! ನೆಲೆಯನ್ನು ನಾಶ ಮಾಡೋದು ಬೇರೆ ಕೆಲಸ, ಅದಕ್ಕೆ ಡೀಡ್ ಅನ್ನೋ ಬೇರೆ ಹೆಸರಿದೆ. ಸೀಡ್‌ನಲ್ಲಿ ನಮ್ಮವರು ಹೋಗಿ ಬರೋವರೆಗೆ ಅವರು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹಾಗಾಗಿ ಅಂಕ ಕೊಡೋದು ದಾಟಿದವರಿಗೆ, ಚೆಂಡು ತಗುಲಿದ್ದಕ್ಕಲ್ಲ. ಈ ನಿಯಮ ಮಾತ್ರ ಬಿಡಬೇಡಿ.

ಟಾರ್ಚಿನವರು ಬೇಗ ಕಿಲಾಡಿಗಳಾಗುತ್ತಾರೆ, ಚಕ್ ಅಂತ ಹಚ್ಚಿ ಆರಿಸುತ್ತಾರೆ. ಆಗ ಮುಂಗುಸಿಗೆ ಒಂದು ಕೋಲು, ಅದರ ತುದಿಗೆ ಹಳೇ ಅಂಗಿ ಕಟ್ಟಿ ಕೊಡಿ. ಮುಂದೆ ಅಂಗಿ ಆಡಿಸಿದರೆ ವಿಮಾನ ಅಂದುಕೊಂಡು ಬೆಳಕು ಬಿಡುತ್ತಾರೆ, ಸಿಕ್ಕಿಬೀಳುತ್ತಾರೆ. 1982ರ ಜೂನ್ 9ರಂದು ಲೆಬನಾನ್‌ನ ಬೆಕಾ ಕಣಿವೆಯಲ್ಲಿ ಇಸ್ರೇಲ್ ಪೈಲಟ್ ಇಲ್ಲದ ವಿಮಾನಗಳನ್ನು ಮುಂದೆ ಬಿಟ್ಟು ಸಿರಿಯಾದ ರೇಡಾರ್‌ಗಳು ಹಚ್ಚಿಕೊಳ್ಳೋ ಹಾಗೆ ಮಾಡಿತು, ಅವತ್ತೇ ಅಲ್ಲಿದ್ದ ಕ್ಷಿಪಣಿ ನೆಲೆಗಳಲ್ಲಿ ಹೆಚ್ಚಿನವು ಹಾಳಾದವು.

ಅಂಗಿಗೂ ಮೋಸ ಹೋಗದಷ್ಟು ಪಳಗಿದ ಮೇಲೆ, ಕೊನೆ ಸುತ್ತಿನಲ್ಲಿ ಟಾರ್ಚಿನವರಿಗೆ ಜಾಗ ಬದಲಿಸೋಕೆ ಬಿಡಿ. 1999ರಲ್ಲಿ ಅಮೆರಿಕ ಮತ್ತು ಅದರ ನೇಟೋ ಮಿತ್ರರ ವಿಮಾನಗಳು ದಾಳಿ ಮಾಡಿದಾಗ ಸರ್ಬಿಯಾದವರು ಹಾಗೇ ಮಾಡಿದ್ದು. ರೇಡಾರ್ ಕೆಲವೇ ಸೆಕೆಂಡು ಹಚ್ಚಿ, ಆಮೇಲೆ ಜಾಗ ಖಾಲಿ ಮಾಡುತ್ತಿದ್ದರು. ಮಾರ್ಚ್ 27ರಂದು ರೇಡಾರ್‌ಗೆ ಸಿಗೋದು ಕಷ್ಟ ಅನ್ನಿಸಿಕೊಂಡಿದ್ದ ಅಮೆರಿಕದ ಎಫ್-117 ವಿಮಾನವನ್ನೇ ಕೆಡವಿದರು. ನಮ್ಮ ಚಿಕ್ಕವಳು, ಎಂಟು ವರ್ಷ, ಚಪ್ಪಲಿ ಬಿಚ್ಚಿಟ್ಟು ಸದ್ದಿಲ್ಲದೆ ಎದ್ದು ಹೋದಳು. ಚೆಂಡು ಬಂದು ಬಕೆಟ್‌ಗೆ ಢಬ್ ಅಂತ ಬಡಿಯಿತು. ಎಲ್ಲರೂ ಹೋ ಅನ್ನುವಷ್ಟರಲ್ಲಿ ಹುಲ್ಲಿನ ಮೆದೆ ಹಿಂದಿನಿಂದ ಟಾರ್ಚ್ ಹತ್ತಿತು. 'ಒಂದು, ಎರಡು...'