ಮಣ್ಣಿನಲ್ಲಿ ಸಿಕ್ಕ ಸಿಪಾಯಿಯ ಗುಂಡಿ: ಕಾಲ ಗುರುತಿಸುವುದು ಹೇಗೆ?

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಲೋಹಶೋಧಕ ಹಿಡಿದು ನಡೆಯುವವರಿಗೆ ಆಗಾಗ ಹಳೆಯ ಕೋಟಿನ ಗುಂಡಿ ಸಿಗುತ್ತದೆ. ಅದು ಸೈನಿಕನದಾಗಿದ್ದರೆ ಕಾಲವನ್ನು ಗುಂಡಿಯೇ ಹೇಳುತ್ತದೆ.

ಮೊದಲು, ಉಜ್ಜಬೇಡಿ. ಹಿತ್ತಾಳೆ ಕಂಡೊಡನೆ ಹುಣಸೆಹಣ್ಣು ಹುಡುಕುವುದು ನಮ್ಮ ಮನೆಗಳ ರೂಢಿ. ಇಲ್ಲಿ ಹಾಗೆ ಮಾಡಿದರೆ ಒಳಗಿನ ಲೋಹವನ್ನು ಹುಳಿ ತಿಂದು, ಅಧಿಕಾರಿಯ ಗುಂಡಿಯ ಚಿನ್ನದ ಲೇಪ ಎದ್ದುಹೋಗುತ್ತದೆ. ಮೆತ್ತನೆಯ ಕುಂಚ, ಶುದ್ಧ ನೀರು ಸಾಕು.

ಬಳಿಕ ಲೋಹ ನೋಡಿ. ಬೂದು ಬಣ್ಣದ, ಮೆದುವಾದ ಗುಂಡಿ ಪ್ಯೂಟರ್, ಅಂದರೆ ತವರದ ಮಿಶ್ರಲೋಹ. ಬ್ರಿಟಿಷ್ ಸಾಮಾನ್ಯ ಸಿಪಾಯಿಗಳಿಗೆ 1855ರವರೆಗೆ ಇದೇ. ಆಮೇಲೆ ಹಿತ್ತಾಳೆ ಬಂತು. ಗುಂಡಿಯ ಮೇಲೆ ರೆಜಿಮೆಂಟಿನ ಸಂಖ್ಯೆ ಇರಬೇಕೆಂಬ ಆದೇಶ 1767ರದು. ಹೀಗಾಗಿ ಬೂದು ಗುಂಡಿಯ ಮೇಲೆ ರೆಜಿಮೆಂಟಿನ ಅಂಕಿ ಇದ್ದರೆ ಅದು ಈ ಎರಡು ಇಸವಿಗಳ ನಡುವಿನದು. ಅಂಕಿ 33 ಆಗಿದ್ದರೆ ನಾನಂತೂ ಅದನ್ನು ಸುಲಭವಾಗಿ ಕೆಳಗಿಡಲಾರೆ: 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಜೊತೆಗಿದ್ದ ಪಡೆ ಅದು. 1871ರಲ್ಲಿ ಸಿಪಾಯಿಗಳ ಗುಂಡಿಗೆ ಅಂಕಿಯ ಬದಲು ರಾಜಲಾಂಛನ ಬಂತು. 1881ರಲ್ಲಿ ರೆಜಿಮೆಂಟುಗಳ ಸಂಖ್ಯೆಯೇ ಹೋಗಿ ಊರು, ಜಿಲ್ಲೆಗಳ ಹೆಸರು ನಿಂತವು.

ರಾಜಲಾಂಛನ 1871ಕ್ಕೆ ಮುಂಚಿನ ಬೇರೆ ಗುಂಡಿಗಳಲ್ಲೂ ಕಾಣಬಹುದು; ಅದಿದ್ದರೆ ಭೂತಗನ್ನಡಿ ತೆಗೆದುಕೊಳ್ಳಿ. ಗುರಾಣಿಯಲ್ಲಿ ಫ್ರೆಂಚ್ ಲಿಲಿ ಹೂಗಳಿದ್ದರೆ 1801ಕ್ಕೆ ಮುಂಚಿನದು. ನಡುವೆ ಇನ್ನೊಂದು ಪುಟ್ಟ ಗುರಾಣಿ ಕುಳಿತಿದ್ದರೆ 1801ರಿಂದ 1837ರೊಳಗಿನದು. ಕಿರೀಟವನ್ನೂ ಗಮನಿಸಿ: ಕಮಾನುಗಳ ನಡುಭಾಗ ತಗ್ಗಿದ್ದರೆ ಸಾಮಾನ್ಯವಾಗಿ ಎರಡನೇ ಎಲಿಜಬೆತ್ ಕಾಲದ್ದು, ಗುಮ್ಮಟದಂತೆ ಮೇಲೆದ್ದಿದ್ದರೆ ಹೆಚ್ಚಾಗಿ ಅದಕ್ಕೆ ಹಿಂದಿನ ಅರಸರದು. ಲಂಗರಿನ ಮೇಲೆ ಕಿರೀಟವಿದ್ದರೆ ನೌಕಾಪಡೆಯ ಅಧಿಕಾರಿಯದು. ಆ ಕಿರೀಟ ಸೇರಿದ್ದು 1812ರಲ್ಲಿ.

ಈಗ ಗುಂಡಿಯನ್ನು ತಿರುಗಿಸಿ. ಅನೇಕರು ಮರೆಯುವುದು ಈ ಬೆನ್ನನ್ನೇ. ದಾರ ಪೋಣಿಸುವ ಕುಣಿಕೆಯ ಸುತ್ತ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ತಯಾರಕರ ಹೆಸರು, ಕೆಲವೊಮ್ಮೆ ಬೀದಿಯ ವಿಳಾಸವೂ ಇರುತ್ತದೆ. ಅಂಗಡಿ ಆ ಬೀದಿಯಲ್ಲಿದ್ದ ವರ್ಷಗಳನ್ನು ಹಳೆಯ ವ್ಯಾಪಾರಿ ಡೈರೆಕ್ಟರಿಗಳಲ್ಲಿ ಹುಡುಕಿದರೆ ಕಾಲ ಇನ್ನಷ್ಟು ಕಿರಿದಾಗುತ್ತದೆ.

ಇಂಗ್ಲೆಂಡಿನಲ್ಲಿ ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಹುಡುಕಬಾರದು. ಶ್ರೀರಂಗಪಟ್ಟಣದಂತಹ ಕಡೆ ಸಂರಕ್ಷಿತ ಸ್ಮಾರಕಗಳ ನೆಲವನ್ನು ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಒಪ್ಪಿಗೆ ಪಡೆದು ಹುಡುಕಿದಾಗಲೂ ಗುಂಡಿ ಸಿಕ್ಕ ಜಾಗ, ಆಳ, ದಿನಾಂಕವನ್ನು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ.