ಟ್ರ್ಯಾಕ್‌ಗೆ ಇಳಿಯುವ ಟೊಯೊಟಾ 86 ಕಾರಿಗೆ ಸಸ್ಪೆನ್ಷನ್ ಆರಿಸುವ ಬಗೆ

ಟೊಯೊಟಾ 86 ಮತ್ತು ಅದರ ಅವಳಿಯಾದ ಸುಬಾರು ಬಿಆರ್‌ಝಡ್ 2012ರಲ್ಲಿ ಮಾರುಕಟ್ಟೆಗೆ ಬಂದಂದಿನಿಂದ, ಹೆಚ್ಚು ಖರ್ಚಿಲ್ಲದೆ ಟ್ರ್ಯಾಕ್‌ನಲ್ಲಿ ಓಡಿಸಬಯಸುವವರ ಮೆಚ್ಚಿನ ಕಾರುಗಳಾಗಿವೆ. ಭಾರತದಲ್ಲಿ ಇವು ಅಧಿಕೃತವಾಗಿ ಮಾರಾಟವಾಗದಿದ್ದರೂ ಅಮೆರಿಕ, ಜರ್ಮನಿ, ಆಸ್ಟ್ರೇಲಿಯಗಳಲ್ಲಿ ನೆಲೆಸಿರುವ ಕನ್ನಡಿಗರ ಕೈಗೆ ಎಟಕುವ ಬೆಲೆಯಲ್ಲಿ ಸಿಗುತ್ತವೆ. ಇಂಥ ಕಾರು ಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕಂಪನಿಯ ಕಾಯಿಲೋವರ್ (ಸ್ಪ್ರಿಂಗ್ ಮತ್ತು ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್, ಒಂದಾಗಿ ಬರುವ ಜೋಡಣೆ) ಒಳ್ಳೆಯದು ಎಂದು. ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಮುಂದಿನ ಚಕ್ರಗಳಿಗೆ ಎಷ್ಟು ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲಿಕೆ; ಮೇಲ್ಭಾಗ ಒಳಕ್ಕೆ ವಾಲಿದ್ದರೆ ಮೈನಸ್) ಬೇಕು, ಸ್ಪ್ರಿಂಗ್ ಎಷ್ಟು ಗಡುಸಾಗಿರಬೇಕು, ಚಕ್ರ ಮೇಲೇರಲು ಎಷ್ಟು ಅವಕಾಶ ಉಳಿಯಬೇಕು ಎಂಬುದನ್ನು ತೀರ್ಮಾನಿಸಿಕೊಂಡರೆ ಕಂಪನಿಗಳ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಕ್ಯಾಂಬರ್‌ನಿಂದಲೇ ಆರಂಭಿಸಬೇಕು. ಈ ಕಾರಿನ ಹಿಂಭಾಗದಲ್ಲಿ ಚಕ್ರವನ್ನು ಮೇಲೂ ಕೆಳಗೂ ಆರ್ಮ್‌ಗಳು ಹಿಡಿದಿರುವ ಡಬಲ್ ವಿಶ್‌ಬೋನ್ ಇದೆ, ಮುಂಭಾಗದಲ್ಲಿ ಕೆಳಗೆ ಮಾತ್ರ ಆರ್ಮ್ ಇದ್ದು ಡ್ಯಾಂಪರೇ ಮೇಲಿನ ಆಧಾರವಾಗುವ ಮ್ಯಾಕ್‌ಫರ್ಸನ್ ಸ್ಟ್ರಟ್ ಇದೆ. ಕಾರ್ಖಾನೆಯಿಂದ ಬರುವಾಗ ಮುಂದಿನ ಚಕ್ರಗಳ ಕ್ಯಾಂಬರ್ ಹೆಚ್ಚು ಕಡಿಮೆ ಸೊನ್ನೆಯಾಗಿರುತ್ತದೆ. ತಿರುವಿನಲ್ಲಿ ಕಾರು ವಾಲಿದಾಗ ಹೊರಬದಿಯ ಚಕ್ರವೂ ಹೊರಕ್ಕೆ ವಾಲುತ್ತದೆ, ಸ್ಟ್ರಟ್ ವಿನ್ಯಾಸವು ಅದನ್ನು ಅಷ್ಟಾಗಿ ಸರಿಪಡಿಸುವುದಿಲ್ಲ. ಪರಿಣಾಮವಾಗಿ ಟೈರಿನ ಹೊರ ಅಂಚು ಮಾತ್ರ ದುಡಿಯುತ್ತದೆ, ಒಳಭಾಗದ ರಬ್ಬರು ಹೊಸದರಂತೆಯೇ ಉಳಿದಿರುವಾಗ ಹೊರ ಅಂಚು ಉರುಟಾಗಿ ಸವೆದುಹೋಗಿರುತ್ತದೆ. ರಸ್ತೆಗೂ ಟ್ರ್ಯಾಕ್‌ಗೂ ಹೊಂದುವ ಅಂಟುಗುಣದ ಟೈರುಗಳಿಗೆ ಮುಂದೆ ಮೈನಸ್ 2.5ರಿಂದ 3.5 ಡಿಗ್ರಿ, ಹಿಂದೆ ಸುಮಾರು ಮೈನಸ್ 2 ಡಿಗ್ರಿ ಬೇಕಾಗುತ್ತದೆ. ಸ್ಟ್ರಟ್‌ನ ಬುಡದಲ್ಲಿ ಹಾಕುವ ಕ್ಯಾಂಬರ್ ಬೋಲ್ಟ್ ಒಂದರಿಂದಲೇ ಇಷ್ಟು ದೊರೆಯುವುದು ಕಷ್ಟ. ಮೇಲ್ತುದಿಯನ್ನು ಒಳಕ್ಕೆ ಸರಿಸಿ ಕೂರಿಸಬಲ್ಲ ಕ್ಯಾಂಬರ್ ಪ್ಲೇಟ್ ಬೇಕು. ಹಾಗಾಗಿ ನೀವು ನೋಡುತ್ತಿರುವ ಕಾಯಿಲೋವರ್ ಕಿಟ್‌ನ ಬೆಲೆಯಲ್ಲಿ ಈ ಪ್ಲೇಟುಗಳು ಸೇರಿವೆಯೇ ಎಂದು ಕೇಳಿಕೊಳ್ಳಿ. ಹಣ ಸೀಮಿತವಾಗಿದ್ದರೆ ಮೊದಲ ವರ್ಷ ಕ್ಯಾಂಬರ್ ಪ್ಲೇಟ್, ಒಳ್ಳೆಯ ಟೈರು ಮತ್ತು ಸರಿಯಾದ ವೀಲ್ ಅಲೈನ್‌ಮೆಂಟ್‌ಗಷ್ಟೇ ಖರ್ಚು ಮಾಡಿ, ಡ್ಯಾಂಪರುಗಳನ್ನು ಮುಂದಕ್ಕೆ ಹಾಕುವುದೇ ಜಾಣತನ ಎಂದು ನಾನು ದೃಢವಾಗಿ ನಂಬಿದ್ದೇನೆ.

ಸ್ಪ್ರಿಂಗ್‌ಗಳ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಅಂಕಿ ಮೋಸ ಮಾಡುತ್ತದೆ, ಆದ್ದರಿಂದ ಲೆಕ್ಕ ಹಾಕಿಯೇ ನೋಡಬೇಕು. ಚಕ್ರ ಒಂದು ಮಿಲಿಮೀಟರ್ ಮೇಲೇರಿದಾಗ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆ ಎಂಬ ಅನುಪಾತ ಈ ಕಾರಿನಲ್ಲಿ ಮುಂದೆ ಸುಮಾರು 0.95, ಹಿಂದೆ ಸುಮಾರು 0.75. ಚಕ್ರಕ್ಕೆ ನಿಜವಾಗಿ ತಟ್ಟುವ ಗಡಸುತನ ತಿಳಿಯಲು ಸ್ಪ್ರಿಂಗ್‌ನ ಅಂಕಿಯನ್ನು ಈ ಅನುಪಾತದ ವರ್ಗದಿಂದ ಗುಣಿಸಬೇಕು. ಒಂದು ಮಿಲಿಮೀಟರ್ ಕುಗ್ಗಲು 7 ಕಿಲೋ ಭಾರ ಬೇಡುವ ಸ್ಪ್ರಿಂಗನ್ನು ಮುಂದೆ ಹಾಕಿದರೆ ಚಕ್ರದ ಬಳಿ ಅದು ಸುಮಾರು 6.3 ಕಿಲೋ ಆಗುತ್ತದೆ. ಹಿಂದೆ 8 ಕಿಲೋ ಸ್ಪ್ರಿಂಗ್ ಹಾಕಿದರೂ ಚಕ್ರದ ಬಳಿ ಉಳಿಯುವುದು 4.5 ಕಿಲೋ ಮಾತ್ರ. ಚಾಲಕನೂ ಸೇರಿ 1300 ಕಿಲೋ ತೂಗುವ ಕಾರಿನ ಮುಂಭಾಗದ ಒಂದೊಂದು ಮೂಲೆಯಲ್ಲಿ ಸ್ಪ್ರಿಂಗ್ ಹೊರುವ ಭಾರ ಸುಮಾರು 310 ಕಿಲೋ, ಹಿಂಭಾಗದಲ್ಲಿ ಸುಮಾರು 250 ಕಿಲೋ ಎಂದು ಹಿಡಿದರೆ, ಸಹಜ ಕಂಪನದ ಆವರ್ತನ (ಕಾರು ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬುದು) ಮುಂದೆ 2.25 ಹರ್ಟ್ಜ್, ಹಿಂದೆ 2.1 ಹರ್ಟ್ಜ್ ಆಗುತ್ತದೆ. ಗಾಳಿಯ ಬಲದಿಂದ ಕಾರನ್ನು ನೆಲಕ್ಕೊತ್ತುವ ದೊಡ್ಡ ರೆಕ್ಕೆಗಳಿಲ್ಲದೆ, ಅಂಟುಟೈರಿನ ಮೇಲೆ ಓಡುವ ಕಾರಿಗೆ 2ರಿಂದ 2.5 ಹರ್ಟ್ಜ್ ಸೂಕ್ತವಾದ ವ್ಯಾಪ್ತಿ. ಸಾಮಾನ್ಯ ಕಾರುಗಳಲ್ಲಿ ಇದು 1.2ರಿಂದ 1.5ರ ಆಸುಪಾಸಿನಲ್ಲಿರುತ್ತದೆ. 2.5 ಹರ್ಟ್ಜ್ ದಾಟುವಷ್ಟು ಗಡುಸಾದರೆ ಉಬ್ಬುತಗ್ಗಿನ ಟ್ರ್ಯಾಕ್‌ನಲ್ಲಿ, ಮುಖ್ಯವಾಗಿ ಜರ್ಮನಿಯ 20.8 ಕಿಲೋಮೀಟರ್ ಉದ್ದದ ನ್ಯೂರ್ಬರ್ಗ್‌ರಿಂಗ್ ನಾರ್ಡ್‌ಷ್ಲೈಫೆಯಂಥ ಕಡೆ, ಟೈರು ನೆಲ ಬಿಟ್ಟು ಜಿಗಿಯತೊಡಗುತ್ತದೆ.

ಕಾರನ್ನು ತಗ್ಗಿಸುವ ಆಸೆಗೆ ಕಡಿವಾಣ ಹಾಕಬೇಕಾಗುತ್ತದೆ. ಮ್ಯಾಕ್‌ಫರ್ಸನ್ ಮುಂಭಾಗವನ್ನು ಬಹಳ ತಗ್ಗಿಸಿದಾಗ ಕೆಳಗಿನ ಆರ್ಮ್‌ನ ಹೊರತುದಿ ಒಳತುದಿಗಿಂತ ಮೇಲೇರುತ್ತದೆ, ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ, ಕಾರು ನೋಡಲು ತಗ್ಗಾಗಿದ್ದರೂ ತಿರುವಿನಲ್ಲಿ ವಾಲುವ ಪ್ರವೃತ್ತಿ ಹೆಚ್ಚುತ್ತದೆ. ಜೊತೆಗೆ ಚಕ್ರ ಮೇಲೇರುವ ಅವಕಾಶವೂ ಕಡಿಮೆಯಾಗಿ ಡ್ಯಾಂಪರ್ ತನ್ನ ಚಲನೆಯ ಕೊನೆಯಲ್ಲಿರುವ ತಡೆರಬ್ಬರಾದ ಬಂಪ್ ಸ್ಟಾಪ್‌ಗೆ ಬಡಿಯುತ್ತದೆ. ಬಡಿದ ಕ್ಷಣದಲ್ಲಿ ಆ ಮೂಲೆಯ ಗಡಸುತನ ಏಕಾಏಕಿ ಏರಿ ಹಿಡಿತ ತಪ್ಪುತ್ತದೆ. ಮುಂಭಾಗವನ್ನು 25 ಮಿಲಿಮೀಟರಿಗಿಂತ ಹೆಚ್ಚು ತಗ್ಗಿಸದಿರುವುದು ಕ್ಷೇಮ. ಎಷ್ಟು ಅವಕಾಶ ಬಳಕೆಯಾಗುತ್ತಿದೆ ಎಂದು ತಿಳಿಯಲು ಡ್ಯಾಂಪರಿನ ಹೊಳೆಯುವ ದಂಡಕ್ಕೆ ಒಂದು ಸಣ್ಣ ಕೇಬಲ್ ಟೈ ಬಿಗಿದು, ಅದನ್ನು ಕೆಳಕ್ಕೆ ಸರಿಸಿಟ್ಟು ಕೆಲವು ಸುತ್ತು ಓಡಿಸಿ ಬನ್ನಿ. ಡ್ಯಾಂಪರ್ ಕುಗ್ಗಿದಷ್ಟೂ ಟೈ ಮೇಲಕ್ಕೆ ತಳ್ಳಲ್ಪಟ್ಟು ಅಲ್ಲೇ ನಿಂತಿರುತ್ತದೆ. ಅದು ಬಂಪ್ ಸ್ಟಾಪ್‌ನ ರಬ್ಬರಿಗೆ ಒತ್ತಿಕೊಂಡಿದ್ದರೆ ಕಾರನ್ನು ಎತ್ತರಿಸಬೇಕು ಇಲ್ಲವೇ ಸ್ಪ್ರಿಂಗ್ ಗಡುಸಾಗಬೇಕು. ದಂಡವು ಕೆಳಮುಖವಾಗಿ ಕವಚದೊಳಗೆ ಅಡಗಿರುವ ತಲೆಕೆಳಗು ವಿನ್ಯಾಸದ ಸ್ಟ್ರಟ್‌ಗಳಲ್ಲಿ ಈ ಉಪಾಯ ನಡೆಯುವುದಿಲ್ಲ.

ಇಷ್ಟಾದ ಮೇಲೆ ಡ್ಯಾಂಪರ್. ಸ್ಪ್ರಿಂಗ್ ನಿಗದಿಯಾದ ಬಳಿಕ ಆ ಸ್ಪ್ರಿಂಗನ್ನು ಹಿಡಿದು ನಿಲ್ಲಿಸಬಲ್ಲ ರೀಬೌಂಡ್ (ಮರಳಿ ಹಿಗ್ಗುವಾಗ ತಡೆಯುವ) ಬಲವುಳ್ಳ ಡ್ಯಾಂಪರನ್ನು ಹುಡುಕಬೇಕು. ಬಲ ಹೊಂದಿಸಲು ಮೂವತ್ತೆರಡು ಹಂತಗಳ ತಿರುಗುಗುಂಡಿ ಇದೆ ಎಂಬುದು ಗುಣಮಟ್ಟದ ಪ್ರಮಾಣವಲ್ಲ. ಅಗ್ಗದ ಅನೇಕ ಕಿಟ್‌ಗಳಲ್ಲಿ ಒಂದೇ ಗುಂಡಿ ಕಂಪ್ರೆಶನ್ (ಕುಗ್ಗುವಾಗಿನ ತಡೆ) ಮತ್ತು ರೀಬೌಂಡ್ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ. ಮಾರುವವರಲ್ಲಿ ಯಾವ ವೇಗದಲ್ಲಿ ಡ್ಯಾಂಪರ್ ಎಷ್ಟು ಬಲ ತೋರುತ್ತದೆ ಎಂದು ಪರೀಕ್ಷಾಯಂತ್ರದಲ್ಲಿ ಅಳೆದ ಡೈನೋ ನಕ್ಷೆ ಕೇಳಿ. ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ. ಕೋನಿಯ ಹಳದಿ ಡ್ಯಾಂಪರುಗಳಲ್ಲಿ ರೀಬೌಂಡ್ ಮಾತ್ರ ಹೊಂದಿಸಬಹುದು, ಕೆಡಬ್ಲ್ಯೂ ವೇರಿಯಂಟ್ 3ರಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಓಲಿನ್ಸ್‌ನ ರೋಡ್ ಅಂಡ್ ಟ್ರ್ಯಾಕ್ ಶ್ರೇಣಿ, ಬಿಲ್‌ಸ್ಟೈನ್‌ನ ಒಂದೇ ಕೊಳವೆಯ ಮೊನೊಟ್ಯೂಬ್ ಡ್ಯಾಂಪರುಗಳು ಬಿಸಿಯನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ವಾರಾಂತ್ಯಕ್ಕೊಮ್ಮೆ ಟ್ರ್ಯಾಕ್‌ಗೆ ಹೋಗುವವರು ಬೆಲೆಗಿಂತಲೂ ಮುಖ್ಯವಾಗಿ ಗಮನಿಸಬೇಕಾದದ್ದು, ಎಣ್ಣೆ ಮತ್ತು ಸೀಲ್ ಬದಲಿಸಿ ಡ್ಯಾಂಪರನ್ನು ಮರಳಿ ಕಟ್ಟಿಕೊಡುವವರು ತಾವಿರುವ ದೇಶದಲ್ಲಿ ಇದ್ದಾರೆಯೇ ಎಂಬುದನ್ನು. ಜರ್ಮನಿಯಲ್ಲಿರುವವರು ಕಿಟ್‌ನೊಂದಿಗೆ ಅಲ್ಲಿನ ತಾಂತ್ರಿಕ ಪ್ರಮಾಣಪತ್ರ ಬರುತ್ತದೆಯೇ ಎಂದೂ ವಿಚಾರಿಸಬೇಕು. ಟಿಯುವಿಯಂಥ ಸಂಸ್ಥೆಯ ತಪಾಸಣೆಯಲ್ಲಿ ಬದಲಾವಣೆ ಒಪ್ಪಿಗೆಯಾಗದೆ ಕಾರನ್ನು ರಸ್ತೆಗಿಳಿಸಲಾಗದು.

ಜೋಡಿಸುವಾಗ ಆರ್ಮ್‌ಗಳ ಬುಶ್ ಬೋಲ್ಟುಗಳನ್ನು ಕಾರು ಜ್ಯಾಕ್ ಮೇಲಿರುವಾಗ ಪೂರ್ತಿ ಬಿಗಿಯಬಾರದು; ಚಕ್ರದ ಮೇಲೆ ಭಾರ ಬಿದ್ದು ಕಾರು ತನ್ನ ಎತ್ತರಕ್ಕೆ ಬಂದ ಮೇಲೆ ಬಿಗಿಯದಿದ್ದರೆ ರಬ್ಬರ್ ಬುಶ್‌ಗಳು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತವೆ. ಮೂಲೆಗಳ ತೂಕ ಸರಿದೂಗಿಸುವಾಗ ಚಾಲಕನ ತೂಕ ಸೀಟಿನ ಮೇಲಿರಬೇಕು, ಕಾರು ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರ್‌ನ ಕೊಂಡಿಗಳನ್ನು ಬಿಚ್ಚಿರಬೇಕು. ವೀಲ್ ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಯದು, ಏಕೆಂದರೆ ಎತ್ತರ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಮತ್ತು ಕ್ಯಾಂಬರ್ ಎರಡೂ ಬದಲಾಗುತ್ತವೆ. ಮೊದಲ ಓಟ ಮುಗಿಸಿ ಪಿಟ್‌ಗೆ ಬಂದ ಕೂಡಲೇ ಕ್ಯಾಂಬರ್ ಪ್ಲೇಟಿನ ನಟ್ಟುಗಳನ್ನೂ ಸ್ಟ್ರಟ್‌ನ ಬುಡದ ಬೋಲ್ಟುಗಳನ್ನೂ ಟಾರ್ಕ್ ವ್ರೆಂಚ್‌ನಿಂದ ಮತ್ತೊಮ್ಮೆ ಪರೀಕ್ಷಿಸಿ, ಆಮೇಲಷ್ಟೇ ಡ್ಯಾಂಪರಿನ ಗುಂಡಿಗಳನ್ನು ತಿರುಗಿಸಲು ತೊಡಗಿ, ಅದೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.